ಪರಮಾಣುಬಂಧ: ಸೂತ್ರವೂ ರಸಾಯನವೂ

ಕಲ್ಯಾಣಪುರ, ಕಾರ್ಕಳಗಳ ನಮ್ಮ ಮಕ್ಕಳು ಕಾಲೇಜಿನಲ್ಲಿ ರಾಸಾಯನಿಕ ಬಂಧವನ್ನು ಓದುವಾಗ, ಅದೆಲ್ಲ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿಯೇ ಇದೆಯೆಂದು ಹಿರಿಯರು ಹೇಳುವುದುಂಟು. ಅಭಿಮಾನ ಸಹಜ; ಆದರೆ ಸತ್ಯಾಣುವ್ರತಕ್ಕೆ ಭಂಗ ಬಾರದಂತೆ ಮಾತನ್ನು ತೂಗಬೇಕು.

ಉಮಾಸ್ವಾತಿ ಆಚಾರ್ಯರ ಮತದಲ್ಲಿ ಪರಮಾಣುಗಳು ಕೂಡುವುದು ಸ್ನಿಗ್ಧ, ರೂಕ್ಷ ಗುಣಗಳಿಂದ. ಜಘನ್ಯ ಗುಣದವು ಕೂಡವು. ಎರಡು ಅಂಶಗಳ ಅಂತರವಿರಬೇಕು. ಈ ತಾರತಮ್ಯವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನೀರು, ಆಡಿನ ಹಾಲು, ಹಸುವಿನ ಹಾಲು, ಎಮ್ಮೆಯ ಹಾಲು, ತುಪ್ಪಗಳ ಜಿಡ್ಡಿನಿಂದ ತಿಳಿಸಿದರು. ಎಂಥ ಸುಲಭ ಪಾಠಕ್ರಮ!

ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದ ಬ್ರಜೇಂದ್ರನಾಥ ಸೀಲರು 1915ರಲ್ಲಿ ಇದನ್ನು ರಸಾಯನಸಂಯೋಗದ ಒರಟಾದ, ಆದರೆ ಬಹು ಸೂಚಕವಾದ ಕಲ್ಪನೆಯೆಂದರು. ಮರುವರ್ಷವೇ ಅಮೆರಿಕದ ಲೂಯಿಸ್, ಎರಡು ಪರಮಾಣುಗಳು ಎಲೆಕ್ಟ್ರಾನ್ ಜೋಡಿಯನ್ನು ಹಂಚಿಕೊಳ್ಳುವುದೇ ಬಂಧವೆಂದು ವಿವರಿಸಿದರು. ಲೂಯಿಸರ ಪರಮಾಣುವಿಗೆ ಒಳಭಾಗಗಳುಂಟು; ಆಚಾರ್ಯರ ಪರಮಾಣು ಅವಿಭಾಜ್ಯ.