ಗೆರಟೆ, ಗ್ಲಾಸು, ಪೇಪರ್ ಕಪ್ಪು: ನಮ್ಮ ಚಾ ಹೊತ್ತಿನ ಚರಿತ್ರೆ

ಬರಹ ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊನ್ನೆ ಕುಂದಾಪುರದಲ್ಲಿ ಒಂದು ಮೀಟಿಂಗ್ ಮುಗಿಸಿ ಶಾಸ್ತ್ರಿ ಸರ್ಕಲ್ ಹತ್ರ ನಾಲ್ಕು ಜನ ಚಾ ಕುಡೀತಾ ನಿಂತಿದ್ದೆವು. ಒಬ್ಬ ತಮ್ಮ, ಖಾಸಗಿ ಕಡೆ ಕೆಲಸಕ್ಕಿರುವವನು, ತನ್ನ ಕಡೆ ಚಾಕ್ಕೆ ಎದ್ದು ಹೋದರೆ ಆ ನಿಮಿಷಗಳನ್ನು ಬರೆದಿಟ್ಟು ಸಂಬಳದಲ್ಲಿ ಮುರೀತಾರೆ ಅಂದ. ಪಕ್ಕದಲ್ಲಿದ್ದ ಮತ್ತೊಬ್ಬರು, ಅವರೂ ನಮ್ಮವರೇ, ನಕ್ಕು ಕೇಳಿದ್ರು: "ಚಾ ಕುಡುಕೂ ಸಂಬ್ಳ ಕೊಡ್ಕಾ ಮರಾಯಾ?"

ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಬರುವಾಗ ಆ ಮಾತು ಕೊರೆಯಲು ಶುರುವಾಯ್ತು. ಆ ಹತ್ತು ನಿಮಿಷ, ಆ ಅರ್ಧ ಗಂಟೆ ಯಾರ ದಯೆಯಿಂದಲೂ ಬಂದದ್ದಲ್ಲ. ಅದನ್ನು ಕೇಳಿ ಪಡೆದವರಲ್ಲಿ ನಮ್ಮ ಚಳವಳಿಯ ಹಿರಿಯರೇ ಇದ್ದಾರೆ. ನಮಗೇ ಅದು ಮರೆತು ಹೋದರೆ ಹೇಗೆ?

ಮೊದಲು ಮನೆಯ ಕತೆ ಹೇಳ್ತೇನೆ. ನಾನು ಸಣ್ಣವನಿದ್ದಾಗ ಅಪ್ಪಯ್ಯ ನಟ್ಟಿ ಸಮಯದಲ್ಲಿ ಒಡೇರ ಗದ್ದೆಗೆ ಹೋಗ್ತಿದ್ರು. ರಜೆ ಇದ್ದ ದಿನ ನಾನೂ ಹಿಂದೆ ಹೋಗ್ತಿದ್ದೆ. ಹತ್ತು ಗಂಟೆಗೆ ಚಾ ಬರ್ತಿತ್ತು, ಬೆಲ್ಲದ ಚಾ. ಉಳಿದ ಆಳುಗಳಿಗೆ ಲೋಟ. ನಮ್ಮ ಕೇರಿಯವರಿಗೆ ಗೆರಟೆ, ಅಂದ್ರೆ ತೆಂಗಿನ ಚಿಪ್ಪು. ಅದನ್ನು ನಾವೇ ತೊಳೆದು ಅಂಚಿನ ಕಲ್ಲಿನ ಸಂದಿಯಲ್ಲಿ ಸಿಕ್ಕಿಸಿಡಬೇಕು. ಚಾ ಮೇಲಿನಿಂದ ಹೊಯ್ಯುವುದು, ಪಾತ್ರೆ ತಾಗಬಾರದು. ಅಪ್ಪಯ್ಯ ಎರಡೂ ಕೈಯಲ್ಲಿ ಗೆರಟೆ ಹಿಡಿದು, ಕುಕ್ಕರಗಾಲಲ್ಲಿ ಕೂತು ಕುಡೀತಿದ್ರು. ನನಗೆ ಆಗ ಅವಮಾನ ಅನಿಸಲಿಲ್ಲ, ಸತ್ಯ ಹೇಳ್ತೇನೆ. ಚಾ ಸಿಕ್ಕಿತಲ್ಲ ಎಂಬ ಖುಷಿ. ಅವಮಾನ ಗೊತ್ತಾದದ್ದು ಹೈಸ್ಕೂಲಿಗೆ ಹೋದ ಮೇಲೆ. ಅಪ್ಪಯ್ಯನನ್ನು ಒಮ್ಮೆ ಕೇಳಿದ್ದೆ. "ಬೆನ್ನ್ ನೆಟ್ಟಗೆ ಮಾಡುಕೆ ಅಷ್ಟ್ ಹೊತ್ತ್ ಸಿಕ್ತಲೆ" ಅಂದಿದ್ರು. ಬಿಡುವೂ ಬೇಕಿತ್ತು, ಅದಕ್ಕೆ ಗೆರಟೆಯನ್ನು ಸಹಿಸಿಕೊಂಡರು.

ಅದಕ್ಕೂ ಹಿಂದೆ ಆ ಹತ್ತು ಗಂಟೆಯೂ ಇರಲಿಲ್ಲ. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿಯ ವೈದ್ಯ ನಮ್ಮ ಕರಾವಳಿಯನ್ನು ಹಾದು ಹೋದ. ಭೂಮಿಗೆ ಕಟ್ಟುಬಿದ್ದ ಆಳುಗಳ ಬಗ್ಗೆ ಅವನು ಬರೆದಿಟ್ಟಿದ್ದಾನೆ, ಅವರಿಗೆ ಸಿಗುವ ಅಕ್ಕಿ, ಬಟ್ಟೆಯ ಲೆಕ್ಕ ಸಮೇತ. ಮಾರುವುದು, ಅಡವಿಡುವುದು ಎಲ್ಲ ನಡೆಯುತ್ತಿದ್ದ ಕಾಲ. 1843ರ ಕಾಯಿದೆ ಬಂದ ಮೇಲೆ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ಹೋಯ್ತು. ಆದರೆ ಮೂಲದಾಳು ಮೂಲದಾಳಾಗಿಯೇ ಉಳಿದ. ಜೀತ ನಿಷೇಧದ ಕಾಯಿದೆ ಬರಲು 1976 ಆಗಬೇಕಾಯ್ತು. ಹಾಗೆ ದುಡಿಯುವವನಿಗೆ ಕೆಲಸದ ಹೊತ್ತು, ಬಿಡುವಿನ ಹೊತ್ತು ಅಂತ ಬೇರೆ ಬೇರೆ ಇರುವುದಿಲ್ಲ. ಒಡೆಯ ಕರೆದದ್ದೇ ಹೊತ್ತು.

ಗಂಟೆಯ ಲೆಕ್ಕ ನಮ್ಮ ಕಡೆ ಬಂದದ್ದು ಕಾರ್ಖಾನೆಗಳ ಜೊತೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಹಾಕಿದರು, 1880ರ ದಶಕದಲ್ಲಿ ಮಲ್ಪೆಯಲ್ಲೂ ಶುರುವಾಯ್ತು. ಆಮೇಲೆ ಕುಂದಾಪುರದ ಹೊಳೆ ಬದಿಯಲ್ಲೂ ಹಂಚಿನ ಚಿಮಣಿಗಳು ಎದ್ದವು. ಗದ್ದೆಯಲ್ಲಿ ಹೊತ್ತು ಮುಳುಗುವ ತನಕ ದುಡಿದವನಿಗೆ ಗಂಟೆ ಬಾರಿಸಿ ಶುರು ಮಾಡುವ, ಗಂಟೆ ಬಾರಿಸಿ ನಿಲ್ಲಿಸುವ ಕೆಲಸ ಹೊಸದು. ಅದರಲ್ಲೂ ಶೋಷಣೆ ಇತ್ತು, ಬೇಡ ಅಂತಿಲ್ಲ. ಆದರೆ ಗಂಟೆ ಅಂತ ಒಂದಿದ್ದರೆ ಅದು ಬೇಗ ಬಾರಿಸಲಿ ಎಂದು ಕೇಳಬಹುದು.

ಹಾಗೆ ಕೇಳಿದವರ ಕತೆಗೆ ಬೊಂಬಾಯಿಗೆ ಹೋಗಬೇಕು. ಅದೇನು ನಮಗೆ ದೂರದ ಊರಲ್ಲ, ಬೈಂದೂರು ಕುಂದಾಪುರದ ಯಾವ ಕೇರಿಯಿಂದ ಬೊಂಬಾಯಿಗೆ ಹೋಗಿ ತಟ್ಟೆ ತೊಳೆದವರಿಲ್ಲ ಹೇಳಿ? ಅಲ್ಲಿಯ ಬಟ್ಟೆ ಗಿರಣಿಗಳಲ್ಲಿ 1880ರ ದಶಕದಲ್ಲಿ ಬೆಳಕು ಹರಿದಾಗ ಒಳಗೆ ಹೋದವರು ಕತ್ತಲಾದಾಗ ಹೊರಗೆ ಬರುತ್ತಿದ್ದರು. 1881ರಲ್ಲಿ ದೇಶದ ಮೊದಲ ಫ್ಯಾಕ್ಟರಿ ಕಾಯಿದೆ ಬಂತು, ಅದು ಗಂಟೆ ಗೊತ್ತು ಮಾಡಿದ್ದು ಮಕ್ಕಳಿಗೆ ಮಾತ್ರ. ದೊಡ್ಡವರ ಬಗ್ಗೆ ಚಕಾರ ಇಲ್ಲ.

ಆಗ ಎದ್ದು ನಿಂತವರು ನಾರಾಯಣ ಮೇಘಾಜಿ ಲೋಖಂಡೆ. ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಕಾರ್ಯಕರ್ತ, 'ದೀನಬಂಧು' ಪತ್ರಿಕೆ ನಡೆಸಿದವರು. 1884ರಲ್ಲಿ ಗಿರಣಿ ಕಾರ್ಮಿಕರ ಸಭೆ ಸೇರಿಸಿ, ಸಾವಿರಾರು ಜನರ ಸಹಿ ಹಾಕಿಸಿ ಮನವಿ ಕೊಟ್ಟರು. ಏನೇನು ಕೇಳಿದ್ರು ನೋಡಿ: ವಾರಕ್ಕೆ ಒಂದು ದಿನ ರಜೆ. ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಬೆಳಿಗ್ಗೆ ಆರೂವರೆಯಿಂದ ಸೂರ್ಯ ಮುಳುಗುವ ತನಕ ಮಾತ್ರ ಕೆಲಸ. ತಿಂಗಳ 15ರೊಳಗೆ ಸಂಬಳ. ಗಾಯಗೊಂಡರೆ ಪರಿಹಾರ. ಸೂರ್ಯ ಮುಳುಗುವ ತನಕ "ಮಾತ್ರ" ಅಂತ ಕೇಳಬೇಕಾದ ಕಾಲ ಅದು, ಯೋಚನೆ ಮಾಡಿ. 1890ರ ಜೂನಿನಲ್ಲಿ ಗಿರಣಿ ಮಾಲಕರು ಭಾನುವಾರದ ರಜೆಗೆ ಒಪ್ಪಿದರು. 1891ರ ಕಾಯಿದೆಯಲ್ಲಿ ಅರ್ಧ ಗಂಟೆ ಬಿಡುವು ಎಲ್ಲರಿಗೂ ಬಂತು. ಭಾನುವಾರ ಬೆಳಿಗ್ಗೆ ತಡವಾಗಿ ಏಳುವವರು ಯಾರೇ ಇರಲಿ, ಯಾವ ಜಾತಿಯವರೇ ಇರಲಿ, ಈ ಮನುಷ್ಯನ ಋಣದಲ್ಲಿದ್ದಾರೆ. ನನ್ನ ಬಿ.ಎ. ಇತಿಹಾಸದ ಪಾಠದಲ್ಲಿ ಇವರ ಹೆಸರು ಇರಲಿಲ್ಲ.

ಆ ಅರ್ಧ ಗಂಟೆಗೆ ಚಾ ಸೇರಿಕೊಂಡದ್ದು ಆಮೇಲೆ. ನಾವು ಚಾ ಅಂದ್ರೆ ಅಜ್ಜನ ಕಾಲದಿಂದ ಇದ್ದದ್ದು ಅಂದುಕೊಳ್ತೇವೆ. ಅಜ್ಜಿಯ ಕಾಲದಲ್ಲಿ ಗಂಜಿ ತಿಳಿ ಇತ್ತು, ಬೆಲ್ಲ ನೀರು ಇತ್ತು. ಇಲ್ಲಿ ಬೆಳೆದ ಚಾ ಹೆಚ್ಚಾಗಿ ಹಡಗು ಹತ್ತಿ ಹೋಗ್ತಿತ್ತು. 1903ರಲ್ಲಿ ಚಾದ ಮೇಲೆ ಒಂದು ಸೆಸ್ ಹಾಕಿ ಆ ದುಡ್ಡಿನಲ್ಲಿ ಪ್ರಚಾರ ಶುರು ಮಾಡಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಗಿರಣಿ, ಗಣಿಗಳಲ್ಲಿ ಚಾ ಅಂಗಡಿ ಇಡಿಸಿ, ಕೆಲಸಗಾರರಿಗೆ ಚಾ ಕುಡಿಯಲು ಬಿಡುವು ಕೊಡಿ ಎಂದು ಮಾಲಕರಿಗೆ ಹೇಳಿಕೊಟ್ಟವರು ಚಾ ತೋಟದವರ ಸಂಘದವರೇ. ಚಾ ಕುಡಿದ ಆಳು ಇನ್ನಷ್ಟು ದುಡೀತಾನೆ ಎಂಬ ವ್ಯಾಪಾರದ ಲೆಕ್ಕ. ಹಾಗಾಗಿ ಚಾ ಬಿಡುವು ಪೂರ್ತಿ ನಮ್ಮ ಹೋರಾಟದ ಫಲ ಅಂತ ನಾನು ಎದೆ ತಟ್ಟುವುದಿಲ್ಲ. ಬಿಡುವು ಹೋರಾಟದಿಂದ ಬಂತು, ಚಾ ಲಾಭಕ್ಕಾಗಿ ಬಂತು. ಆ ಎಲೆ ಕೊಯ್ದವರೂ ಹೆಚ್ಚಿನವರು ದಲಿತ, ಆದಿವಾಸಿ ಹೆಂಗಸರೇ. 2015ರಲ್ಲಿ ಮುನ್ನಾರಿನ ತೋಟದ ಹೆಂಗಸರು, ತಮಿಳು ದಲಿತರೇ ಬಹುಪಾಲು, ಯೂನಿಯನ್ ನಾಯಕರನ್ನೂ ಬದಿಗೆ ಸರಿಸಿ 'ಪೊಂಬಿಳೈ ಒರುಮೈ' ಎಂದು ರಸ್ತೆಗಿಳಿದದ್ದು ನೆನಪಿದೆಯಲ್ಲ.

ಈಗ ಬಾಬಾಸಾಹೇಬರ ವಿಷಯ. ಬೊಂಬಾಯಿ ಗಿರಣಿಗಳಲ್ಲಿ ನಮ್ಮವರಿಗೆ ನೇಯ್ಗೆ ವಿಭಾಗದಲ್ಲಿ ಕೆಲಸ ಇರಲಿಲ್ಲ. ಅಲ್ಲಿ ಕೂಲಿ ಜಾಸ್ತಿ. ಕಾರಣ ಏನು ಗೊತ್ತಾ? ಲಾಳಿಗೆ ಹೊಸ ನೂಲು ಹಾಕುವಾಗ ಅದನ್ನು ಬಾಯಿಂದ ಎಳೆದುಕೊಳ್ಳಬೇಕು, ಎಂಜಲು ತಾಗುತ್ತದೆ. ಅಸ್ಪೃಶ್ಯನ ಬಾಯಿ ತಾಗಿದ ಲಾಳಿಯನ್ನು ಉಳಿದವರು ಮುಟ್ಟುವುದಿಲ್ಲ. 1928ರ ಮಹಾ ಮುಷ್ಕರದ ಸಮಯದಲ್ಲಿ ಅಂಬೇಡ್ಕರ್ ಇದನ್ನು ಎತ್ತಿದರು, ಬೇಡಿಕೆ ಪಟ್ಟಿಯಲ್ಲಿ ಇದನ್ನೂ ಸೇರಿಸಿ ಎಂದರು. ಕಾರ್ಮಿಕ ನಾಯಕರು ಮನಸ್ಸಿಲ್ಲದ ಮನಸ್ಸಿಂದ ಸೇರಿಸಿದರು. ಆ ಲಾಳಿಯ ಎಂಜಲೂ ನಮ್ಮಪ್ಪನ ಗೆರಟೆಯ ಎಂಜಲೂ ಒಂದೇ. 1938ರಲ್ಲಿ ಮನ್ಮಾಡಿನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಎದುರು ಅವರು ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ನಿಮ್ಮ ಶತ್ರುಗಳು ಎಂದದ್ದಕ್ಕೆ ಇಂಥ ಅನುಭವಗಳ ಹಿನ್ನೆಲೆ ಇದೆ.

ನಮ್ಮ ಪೋಸ್ಟರುಗಳಲ್ಲಿ "14 ಗಂಟೆಯ ದುಡಿಮೆಯನ್ನು ಬಾಬಾಸಾಹೇಬರು 8ಕ್ಕೆ ಇಳಿಸಿದರು" ಎಂದು ಓಡಾಡ್ತದೆ. ಕ್ಷಮಿಸಿ, ಗುಮಾಸ್ತನ ಬುದ್ಧಿ, ಅಂಕಿ ಸರಿ ಇರಬೇಕು ನನಗೆ. 1934ರ ಕಾಯಿದೆಯಲ್ಲಿ ವರ್ಷಪೂರ್ತಿ ನಡೆಯುವ ಕಾರ್ಖಾನೆಗೆ ದಿನಕ್ಕೆ 10, ವಾರಕ್ಕೆ 54 ಗಂಟೆ ಇತ್ತು. 1942ರಿಂದ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಅಂಬೇಡ್ಕರ್ ತಂದ 1946ರ ತಿದ್ದುಪಡಿ ಅದನ್ನು 9 ಮತ್ತು 48ಕ್ಕೆ ಇಳಿಸಿತು. ವಾರಕ್ಕೆ ಆರು ಗಂಟೆ ಕಮ್ಮಿ. ಇಷ್ಟೇ ಹೇಳಿದರೂ ಸಣ್ಣದಲ್ಲ, ಉಪ್ಪು ಖಾರ ಬೇಡ. 1948ರ ಫ್ಯಾಕ್ಟರಿ ಕಾಯಿದೆಯ 55ನೇ ಸೆಕ್ಷನ್ ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ದುಡಿಸುವಂತಿಲ್ಲ, ನಡುವೆ ಕಮ್ಮಿಯೆಂದರೂ ಅರ್ಧ ಗಂಟೆ ಬಿಡುವು ಕೊಡಬೇಕು ಎಂದಿತು. 250ಕ್ಕಿಂತ ಹೆಚ್ಚು ಜನ ಇದ್ದರೆ ಕ್ಯಾಂಟೀನು ಎಂಬುದೂ ಅದರಲ್ಲೇ ಇತ್ತು.

ಹೊತ್ತಿನ ಲೆಕ್ಕ ಅಲ್ಲಿಗಾಯ್ತು. ಲೋಟದ ಲೆಕ್ಕ ಬೇರೆಯೇ ಇತ್ತು. ಕೊಲ್ಲಾಪುರದ ಗಂಗಾರಾಮ್ ಕಾಂಬ್ಳೆ ನಿಮಗೆ ಗೊತ್ತಿರಬಹುದು. ಶಾಹು ಮಹಾರಾಜರ ಕುದುರೆ ಲಾಯದಲ್ಲಿದ್ದ ಮಹಾರ್ ಆಳು. ಮೇಲ್ಜಾತಿಯವರ ನೀರಿನ ತೊಟ್ಟಿ ಮುಟ್ಟಿದ ಎಂದು ಹೊಡೆಸಿಕೊಂಡವರು. ಮಹಾರಾಜರೇ ಹಣ ಕೊಟ್ಟು ಅವರಿಗೆ ಚಾ ಹೋಟೆಲ್ ಹಾಕಿಸಿದರು. ಯಾರೂ ಬರಲಿಲ್ಲ. ಆಗ ಶಾಹು ತಾವೇ ಗಾಡಿ ನಿಲ್ಲಿಸಿ, ಅಲ್ಲಿ ಚಾ ತರಿಸಿ ಕುಡಿದು, ಜೊತೆಗಿದ್ದ ಮೇಲ್ಜಾತಿಯವರಿಗೂ ಕುಡಿಸಿದರು. ರಾಜ ಕುಡಿದ ಮೇಲೆ ಬೇಡ ಅನ್ನುವ ಧೈರ್ಯ ಯಾರಿಗಿದೆ?

ಎಲ್ಲ ಊರಿಗೂ ಶಾಹು ಸಿಗುವುದಿಲ್ಲ. ಅದಕ್ಕೇ ಸಂವಿಧಾನದ 15(2)ರಲ್ಲಿ ಅಂಗಡಿ, ಹೋಟೆಲ್ ಎಂದು ಹೆಸರು ಹಿಡಿದೇ ಬರೆದರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇನ್ನೂ ಒಳಗೆ ಹೋಯ್ತು, ಹೋಟೆಲಿನಲ್ಲಿ ಎಲ್ಲರಿಗೆಂದು ಇಟ್ಟ ಪಾತ್ರೆಯನ್ನು ಬಳಸಲು ಬಿಡದಿದ್ದರೂ ಅಪರಾಧ. ಆದರೆ ಆ ಕಾಯಿದೆ ಗದ್ದೆ ಅಂಚಿಗೆ ಬಂದು ನಿಲ್ಲಲಿಲ್ಲ. ಅಪ್ಪಯ್ಯ ಗೆರಟೆಯಲ್ಲಿ ಕುಡೀತಿದ್ದದ್ದು ಆ ಕಾಯಿದೆ ಬಂದು 30 ವರ್ಷ ಆದ ಮೇಲೆ.

ಅಮ್ಮನದ್ದು ಮತ್ತೊಂದು ಕತೆ. ಅವರು ಗೇರುಬೀಜದ ಕಾರ್ಖಾನೆಗೆ ಹೋದರು. ಅಲ್ಲಿ ಗೆರಟೆ ಇಲ್ಲ, ಎಲ್ಲರಿಗೂ ಒಂದೇ ಲೋಟ, ಬಿಡುವೂ ಇತ್ತು. ಆದರೆ ಕೂಲಿ ಕಿಲೋ ಲೆಕ್ಕ. ಎದ್ದು ಹೋದರೆ ಅಷ್ಟು ಬೀಜ ಕಮ್ಮಿ. ಸಿಪ್ಪೆಯ ಎಣ್ಣೆ ಹಿಡಿದ ಕೈ ತೊಳೆದು ಒರೆಸಿಕೊಳ್ಳುವಷ್ಟರಲ್ಲೇ ಅರ್ಧ ಬಿಡುವು ಮುಗೀತಿತ್ತು. ಹೆಚ್ಚಿನ ದಿನ ಅವರು ಏಳ್ತಾನೇ ಇರಲಿಲ್ಲ. ಸಂಜೆ ಮನೆಗೆ ಬಂದು ಬೀಡಿ ಕಟ್ಟಲು ಕೂತರೆ ಪಕ್ಕದಲ್ಲಿಟ್ಟ ಚಾ ಕೆನೆಗಟ್ಟುತ್ತಿತ್ತು. 1966ರ ಬೀಡಿ ಕಾರ್ಮಿಕರ ಕಾಯಿದೆಯಲ್ಲೂ ಅರ್ಧ ಗಂಟೆ ಬಿಡುವು ಇತ್ತು, ಬೀಡಿ ಕಟ್ಟುವ ಕಟ್ಟಡದಲ್ಲಿ ದುಡಿಯುವವರಿಗೆ. ಮನೆ ಜಗಲಿಯಲ್ಲಿ ಸಾವಿರದ ಲೆಕ್ಕದಲ್ಲಿ ಕಟ್ಟುವವರ ಗಂಟೆ ಯಾರು ನೋಡ್ತಾರೆ?

ಈಗ ಆ ಅರ್ಧ ಗಂಟೆಯ ಬುಡವೇ ಅಲ್ಲಾಡ್ತಿದೆ. 2023ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ ಕಾರ್ಖಾನೆಯ ದಿನದ ದುಡಿಮೆಯನ್ನು 12 ಗಂಟೆಯ ತನಕ ಎಳೆಯಲು ದಾರಿ ಮಾಡಿತು. 2025ರ ನವೆಂಬರ್ 21ರಂದು ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ ದಿನಕ್ಕೆ 8 ಗಂಟೆ ಅಂತ ಬರೆದಿದೆ, ಸಂತೋಷ. ಆದರೆ ಎಷ್ಟು ಹೊತ್ತಿಗೊಮ್ಮೆ, ಎಷ್ಟು ಬಿಡುವು ಎಂಬುದನ್ನು ಸರಕಾರ ಅಧಿಸೂಚನೆಯಲ್ಲಿ ಹೇಳಲಿ ಎಂದು ಬಿಟ್ಟಿದ್ದಾರೆ. 1948ರಿಂದ ಕಾಯಿದೆಯ ಒಳಗೇ ಅಕ್ಷರದಲ್ಲಿದ್ದದ್ದು ಈಗ ಅಧಿಸೂಚನೆಗೆ ಇಳಿದಿದೆ. ಕಾಯಿದೆ ಬದಲಿಸಲು ಸದನ ಬೇಕು, ಚರ್ಚೆ ಆಗಬೇಕು. ಅಧಿಸೂಚನೆಗೆ ಒಂದು ಸಹಿ ಸಾಕು. ಫೈಲು ನೋಡುವ ಕೆಲಸದಲ್ಲಿ ಇಷ್ಟು ವರ್ಷ ಕಳೆದವನು ನಾನು, ಆ ವ್ಯತ್ಯಾಸ ನನಗೆ ಗೊತ್ತು. ನಮ್ಮ ಸಂಘಟನೆಗಳು ಮೀಸಲಾತಿಯ ಆದೇಶಗಳನ್ನು ಓದುವ ಹಾಗೆ ಇವನ್ನೂ ಓದಬೇಕು.

ಕಡೆಗೆ ನಾನು ಮೊದಲೊಮ್ಮೆ ಕೆಲಸ ಮಾಡಿದ ಒಂದು ಕಡೆಯದ್ದು. ಹೆಸರು ಬೇಡ. ಹತ್ತೂವರೆಗೆ ಚಾ ಬರ್ತಿತ್ತು. ನಮಗೆಲ್ಲ ಗಾಜಿನ ಗ್ಲಾಸು. ಗುಡಿಸುವ, ಶೌಚಾಲಯ ತೊಳೆಯುವ ಅಕ್ಕನಿಗೆ ಪೇಪರ್ ಕಪ್ಪು. ಕೇಳಿದರೆ ಗ್ಲಾಸು ಕಮ್ಮಿ ಉಂಟು ಅಂತಿದ್ರು. ಯಾರಾದರೂ ರಜೆ ಹಾಕಿದ ದಿನ ಗ್ಲಾಸು ಉಳೀತಿತ್ತು, ಆಗಲೂ ಆ ಅಕ್ಕನಿಗೆ ಪೇಪರ್ ಕಪ್ಪೇ. ಅದರ ಮೇಲೆ ದೂರು ಬರೆಯುವುದು ಹೇಗೆ? ಗೆರಟೆ ಕಣ್ಣಿಗೆ ಕಾಣ್ತಿತ್ತು. ಇದು ಸ್ವಚ್ಛತೆ ಅಂತ ಹೇಳಿ ಬಚಾವಾಗ್ತದೆ.

ಎರಡು ವರ್ಷ ನಾನು ಗಾಜಿನ ಗ್ಲಾಸಲ್ಲೇ ಸುಮ್ಮನೆ ಕುಡಿದೆ. ವೇದಿಕೆ ಮೇಲೆ ಭಾಷಣ ಮಾಡ್ತಿದ್ದವನೇ. ಗ್ಲಾಸು ಸಿಕ್ಕಿದ್ದೇ ದೊಡ್ಡದು ಅಂತ ಒಳಗೆಲ್ಲೋ ಅನಿಸಿರಬೇಕು, ಅಪ್ಪಯ್ಯನ ಹಾಗೇ. ಮೂರನೇ ವರ್ಷ ಕುಂದಾಪುರ ಸಂತೆಯಿಂದ ಒಂದೇ ನಮೂನೆಯ ಒಂದು ಡಜನ್ ಸ್ಟೀಲ್ ಲೋಟ ತಂದು ಚಾ ತಟ್ಟೆಯ ಪಕ್ಕ ಇಟ್ಟೆ. ಯಾರೂ ಏನೂ ಹೇಳಲಿಲ್ಲ. ಒಬ್ಬರು ಮಾತ್ರ ಮರುದಿನದಿಂದ ಮನೆಯಿಂದ ಫ್ಲಾಸ್ಕ್ ತರಲು ಶುರು ಮಾಡಿದರು. ಆ ಅಕ್ಕ ಮೊದಲ ದಿನ ಲೋಟ ಮುಟ್ಟಲಿಲ್ಲ. "ಇರ್ಲಿ ಬಿಡಿ, ಕಪ್ಪಾರೆ ತೊಳೂ ಕೆಲ್ಸ ಇಲ್ಲೆ" ಅಂದ್ರು. ವಾರ ಕಳೆದ ಮೇಲೆ ತಗೊಂಡ್ರು. ಆದರೂ ಕೂತದ್ದು ಹಿಂದಿನ ಬಾಗಿಲ ಮೆಟ್ಟಿಲ ಮೇಲೆಯೇ, ಬೆಂಚಿಗೆ ಬರಲಿಲ್ಲ. ಕರೆದೆ, ಬೇಡ ಅಂದ್ರು. ನಾನು ಲೋಟ ಹಿಡ್ಕೊಂಡು ಹೋಗಿ ಮೆಟ್ಟಿಲ ಮೇಲೆ ಕೂತೆ. ಮಗಳ ಪಿಯುಸಿ ಫೀಸಿನ ಬಗ್ಗೆ ಮಾತಾಡಿದ್ರು. ಆ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ ತುಂಬಿದ್ದು ಅಲ್ಲಿಯೇ, ಎರಡು ದಿನದ ಚಾ ಹೊತ್ತಲ್ಲಿ.