ಮೀರ್ ಖಾಸಿಂ ಮತ್ತು ನದಿಯ ಸುಂಕ

ಕೊಲ್ಕತ್ತಾದ ಸೆಕ್ಟರ್ ಫೈವ್ ಅಂದರೆ ನಿಮಗೆ ಐಟಿ ಕಂಪೆನಿಗಳ ಗಾಜಿನ ಕಟ್ಟಡಗಳು ನೆನಪಾಗಬಹುದು. ಅದಿರುವ ಸಾಲ್ಟ್ ಲೇಕ್ ಉಪನಗರ ಹಿಂದೆ ಉಪ್ಪುನೀರಿನ ಜೌಗು. 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ಪೈಪಿನಲ್ಲಿ ತಂದು ತುಂಬಿಸಿ ಅಲ್ಲಿ ನೆಲ ಮಾಡಿದರು. ಅದೇ ಹೂಗ್ಲಿ ಮತ್ತು ಗಂಗೆಯ ಜಲಮಾರ್ಗದ ಸುಂಕಕ್ಕಾಗಿ 1763ರಲ್ಲಿ ಒಂದು ಯುದ್ಧವೇ ನಡೆದಿತ್ತು. ಪ್ಲಾಸಿ ಕದನವನ್ನು ನೀವು ಶಾಲೆಯಲ್ಲಿ ಓದಿರುತ್ತೀರಿ; ಇದನ್ನು ಮಾತ್ರ ಎರಡು ಸಾಲಲ್ಲಿ ಮುಗಿಸಿಬಿಡುತ್ತಾರೆ.

ಜಗಳದ ಮೂಲ ಒಂದು ಚೀಟಿ. ವರ್ಷಕ್ಕೆ 3,000 ರೂಪಾಯಿ ಕೊಟ್ಟು ಬಂಗಾಳದಲ್ಲಿ ಸುಂಕವಿಲ್ಲದೆ ವ್ಯಾಪಾರ ಮಾಡಲು 1717ರಲ್ಲಿ ಮೊಘಲ್ ಬಾದಶಾಹ ಫರೂಖ್‌ಸಿಯಾರ್ ಈಸ್ಟ್ ಇಂಡಿಯಾ ಕಂಪೆನಿಗೆ ಫರ್ಮಾನು ನೀಡಿದ್ದ. 'ದಸ್ತಕ್' ಎಂಬ ರಹದಾರಿ ತೋರಿಸಿದರೆ ಕಂಪೆನಿಯ ದೋಣಿ ಸುಂಕದ ಚೌಕಿ ದಾಟಬಹುದಿತ್ತು. (ನಮ್ಮಲ್ಲೂ ಸುಂಕದಕಟ್ಟೆ ಅಂತ ಊರುಗಳೇ ಇವೆಯಲ್ಲ!) ಆದರೆ ಕಂಪೆನಿಯ ನೌಕರರು ಅದೇ ಚೀಟಿ ಹಿಡಿದು ಸ್ವಂತಕ್ಕೆ ಉಪ್ಪು, ಅಡಿಕೆ, ತಂಬಾಕು ಸಾಗಿಸತೊಡಗಿದರು. ಚೀಟಿಯನ್ನೇ ಮಾರಿ ಕಾಸು ಮಾಡಿಕೊಂಡವರೂ ಇದ್ದರು. 1762ರಲ್ಲಿ ನದಿಯಲ್ಲಿ ಹೋದ ವಾರನ್ ಹೇಸ್ಟಿಂಗ್ಸ್‌ಗೆ ದೋಣಿದೋಣಿಯಲ್ಲೂ ಇಂಗ್ಲಿಷ್ ಬಾವುಟ ಕಂಡು ಅಚ್ಚರಿಯಾಯಿತಂತೆ.

ಆಗಿನ ನವಾಬ ಮೀರ್ ಖಾಸಿಂ. ಅವನನ್ನು ಸಂತನನ್ನಾಗಿಸುವುದು ಬೇಡ. ಮಾವ ಮೀರ್ ಜಾಫರನ ಗದ್ದುಗೆಯನ್ನು ಕಂಪೆನಿಯ ಬಲದಿಂದಲೇ 1760ರಲ್ಲಿ ಏರಿದವ, ಅದಕ್ಕಾಗಿ ಬರ್ದ್ವಾನ್, ಮಿಡ್ನಾಪುರ, ಚಿತ್ತಗಾಂಗ್ ಬಿಟ್ಟುಕೊಟ್ಟವ. ಮುಂದೆ ಪಾಟ್ನಾದಲ್ಲಿ ಇಂಗ್ಲಿಷ್ ಕೈದಿಗಳನ್ನು ಕೊಲ್ಲಿಸಿದವ. ಆದರೆ ಲೆಕ್ಕ ಅವನಿಗೆ ಸರಿಯಾಗಿ ಗೊತ್ತಿತ್ತು. ಇಂಗ್ಲಿಷರ ಖಾಸಗಿ ಸರಕಿಗೆ ಶೇ. 9 ಸುಂಕವೆಂದು ಗವರ್ನರ್ ವ್ಯಾನ್‌ಸಿಟಾರ್ಟ್ ಒಪ್ಪಿದ. ಕಲ್ಕತ್ತಾ ಕೌನ್ಸಿಲ್ ಒಪ್ಪಲಿಲ್ಲ: ಉಪ್ಪಿಗೆ ಮಾತ್ರ ಶೇ. 2.5 ಕೊಡ್ತೇವೆ, ಉಳಿದದ್ದಕ್ಕೆ ಇಲ್ಲ ಅಂತ. ಆಗ 1763ರ ಮಾರ್ಚ್‌ನಲ್ಲಿ ನವಾಬ ಎಲ್ಲರ ಸುಂಕವನ್ನೂ ರದ್ದು ಮಾಡಿದ.

ಇಲ್ಲಿ ಸ್ವಲ್ಪ ನಿಲ್ಲಿ. ಇದರಿಂದ ಖಾಲಿಯಾದದ್ದು ನವಾಬನದೇ ಖಜಾನೆ, ಇಂಗ್ಲಿಷರು ಹೆಚ್ಚಿಗೆ ಒಂದು ಪೈಸೆಯೂ ಕೊಡಬೇಕಿರಲಿಲ್ಲ. ಆದರೂ ಅವರು ಕೆರಳಿದರು. ಯಾಕೆ? ಊರಿನ ವ್ಯಾಪಾರಿಯೂ ಈಗ ಅವರಿಗೆ ಸರಿಸಮ. ಮುಕ್ತ ವ್ಯಾಪಾರದ ಮಾತಾಡುವವರಿಗೆ ನಿಜವಾದ ಮುಕ್ತ ವ್ಯಾಪಾರವೇ ಅಪರಾಧವಾಗಿ ಕಂಡಿತು.

ಮುಂಗೇರಿನಲ್ಲಿ ಪಾಟ್ನಾಕ್ಕೆ ಹೊರಟ ಬಂದೂಕಿನ ದೋಣಿಗಳನ್ನು ನವಾಬನ ಕಡೆಯವರು ತಡೆದರು. ಜೂನ್‌ನಲ್ಲಿ ಕಂಪೆನಿಯ ಎಲ್ಲಿಸ್ ಪಾಟ್ನಾದ ಮೇಲೆ ಬಿದ್ದ. ಕಟ್ವಾ, ಘೇರಿಯಾದಲ್ಲಿ ನವಾಬನ ಸೇನೆ ಸೋತಿತು. ರಾಜಮಹಲ್ ಬೆಟ್ಟ ಗಂಗೆಗೆ ಹತ್ತಿರವಾಗಿ ದಾರಿ ಇಕ್ಕಟ್ಟಾಗುವ ಉಧುವಾ ನಾಲಾದ ಕೋಟೆಸಾಲು ಸೆಪ್ಟೆಂಬರ್‌ನ ಒಂದು ರಾತ್ರಿ ದಾಳಿಯಲ್ಲಿ ಬಿತ್ತು. ಮರುವರ್ಷ ಅಕ್ಟೋಬರ್‌ನಲ್ಲಿ ಬಕ್ಸಾರ್. 1765ರ ಆಗಸ್ಟ್ 12ರಂದು ಬಂಗಾಳ, ಬಿಹಾರ, ಒರಿಸ್ಸಾದ ದಿವಾನಿ ಕಂಪೆನಿಯ ಕೈಗೆ ಬಂತು.

ಮೀರ್ ಖಾಸಿಂ 1777ರಲ್ಲಿ ದಿಲ್ಲಿಯ ಬಳಿ ಬಡತನದಲ್ಲಿ ಸತ್ತ. ದಿವಾನಿ ಸಿಕ್ಕ ಆ 1765ರಲ್ಲೇ ಕ್ಲೈವ್ ಕಂಪೆನಿಯ ಹಿರಿಯ ಅಧಿಕಾರಿಗಳದ್ದೊಂದು ವ್ಯಾಪಾರ ಸಂಘ ಕಟ್ಟಿದ. ಅದು ಏಕಸ್ವಾಮ್ಯ ಪಡೆದ ಸರಕುಗಳು ಮೂರು: ಉಪ್ಪು, ಅಡಿಕೆ, ತಂಬಾಕು.