‘ಕೀಚಕವಧಂ’ ಮೂಕಚಿತ್ರದ ಕಾಲನಿರ್ಣಯ

ದಕ್ಷಿಣ ಭಾರತದ ಮೊದಲ ಕಥಾಚಿತ್ರವೆಂದು ಪ್ರಸಿದ್ಧವಾದ ‘ಕೀಚಕವಧಂ’ ಮೂಕಚಿತ್ರದ ಒಂದಡಿ ಫಿಲ್ಮೂ ಉಳಿದು ಬಂದಿಲ್ಲವೆಂಬುದರಲ್ಲಿ ವಿವಾದವಿಲ್ಲ. ವಿವಾದವಿರುವುದು ಅದು ಹುಟ್ಟಿದ ವರ್ಷದ ವಿಷಯದಲ್ಲಿ. 1916 ಎಂದು ಕೆಲವರೂ 1917 ಎಂದು ಹಲವರೂ 1918 ಎಂದು ಮತ್ತೆ ಕೆಲವರೂ ಬರೆದಿರುವರು. ಈ ಮೂರರಲ್ಲಿ ಒಂದನ್ನು ಆರಿಸಿಕೊಂಡವರು ಉಳಿದೆರಡನ್ನು ಏಕೆ ಬಿಟ್ಟರೆಂಬುದನ್ನು ಹೇಳುವ ಗೋಜಿಗೆ ಹೋಗದಿರುವುದೇ ನನ್ನನ್ನು ಈ ಲೇಖನಕ್ಕೆ ಪ್ರೇರಿಸಿದೆ. ಸರ್ಕಾರದ ದಾಖಲೆಯಿಂದ ಇಲ್ಲಿ ನೆರವು ದೊರೆಯಲಾರದು. 1918ರ ಸಿನಿಮಾಟೋಗ್ರಾಫ್ ಶಾಸನದ ಮೇರೆಗೆ ಚಿತ್ರಗಳ ಪರಿಶೀಲನ ಮಂಡಳಿಗಳು ಕೆಲಸಕ್ಕೆ ತೊಡಗಿದ್ದು 1920ರಲ್ಲಿ. ಆದುದರಿಂದ ಚಿತ್ರದ ಒಳಗಿನ ಸಾಕ್ಷ್ಯವನ್ನೇ, ಅಂದರೆ ಅದನ್ನು ಕಂಡವರೂ ಮಾಡಿದವರೂ ಅದರ ವಿಷಯವಾಗಿ ಉಳಿಸಿಹೋದ ವಿವರಗಳನ್ನೇ, ನಾವು ವಿಚಾರಿಸಬೇಕಾಗಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಚಿತ್ರದ ನಿರ್ಮಾಪಕರಾದ ಮದರಾಸಿನ ಆರ್. ನಟರಾಜ ಮೊದಲಿಯಾರರು, ಮೋಟಾರು ಬಿಡಿಭಾಗಗಳ ವ್ಯಾಪಾರದಲ್ಲಿದ್ದವರು, ಛಾಯಾಗ್ರಹಣವನ್ನು ಪುಣೆಯಲ್ಲಿದ್ದ ಸ್ಟೂವರ್ಟ್ ಸ್ಮಿತ್ ಎಂಬ ಆಂಗ್ಲ ಛಾಯಾಗ್ರಾಹಕನಿಂದ ಕಲಿತರೆಂದೂ, ಆ ಸ್ಮಿತ್ ಲಾರ್ಡ್ ಕರ್ಜನ್ನನ ವಿಷಯವಾಗಿ ಒಂದು ಚಿತ್ರದ ಕೆಲಸ ಮಾಡಿದವನೆಂದೂ ಪ್ರತೀತಿ. ಕರ್ಜನ್ ಭಾರತವನ್ನು ಬಿಟ್ಟದ್ದು 1905ರಲ್ಲಿ. ಮೊದಲಿಯಾರರಾದರೋ ಚಿತ್ರ ತೆಗೆಯುವ ಹಂಬಲ ತಮಗೆ ಹತ್ತಿದ್ದು ಫಾಲ್ಕೆಯವರ ಚಿತ್ರಗಳಿಂದ ಎಂದವರು. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಮುಂಬಯಿಯಲ್ಲಿ ತೆರೆಗೆ ಬಂದದ್ದು 1913ರಲ್ಲಿ. ಕರ್ಜನ್ನನ ಹೆಸರು ಗುರುವಿನ ಪೂರ್ವವೃತ್ತಾಂತವನ್ನು ತಿಳಿಸುವುದೇ ಹೊರತು ಶಿಷ್ಯನ ಕಲಿಕೆಯ ಕಾಲವನ್ನಲ್ಲ. ಇದನ್ನೇ ಹಿಡಿದು ಚಿತ್ರದ ಕಾಲವನ್ನು ಆದಷ್ಟು ಹಿಂದಕ್ಕೆ ಎಳೆಯುವವರು ಕಾಲಗಣನೆಯ ಪ್ರಾಥಮಿಕ ನಿಯಮವನ್ನೇ ಮರೆತಿರುವರೆನ್ನದೆ ವಿಧಿಯಿಲ್ಲ.

ಇನ್ನು ಮುಖ್ಯ ಸಾಕ್ಷ್ಯಕ್ಕೆ ಬರೋಣ. ‘ಕೀಚಕವಧಂ’ ಚಿತ್ರದ ಬರಹದ ಫಲಕಗಳು ಇಂಗ್ಲಿಷು, ತಮಿಳು, ಹಿಂದಿ ಎಂಬ ಮೂರು ಭಾಷೆಗಳಲ್ಲಿದ್ದವು. ಮೊದಲೆರಡಕ್ಕೆ ಡಾಕ್ಟರ್ ಗುರುಸ್ವಾಮಿ ಮೊದಲಿಯಾರರೂ ಪಚ್ಚಯ್ಯಪ್ಪ ಕಾಲೇಜಿನ ತಿರುವೇಂಗಡ ಮೊದಲಿಯಾರರೂ ನೆರವಾದರು. ಹಿಂದಿಯದನ್ನು ಬರೆದುಕೊಟ್ಟವರು ಗಾಂಧೀಜಿಯವರ ಕಿರಿಯ ಮಗ ದೇವದಾಸ ಗಾಂಧಿಯವರು. ಈ ಕೊನೆಯ ಸಂಗತಿಯನ್ನು ನಮ್ಮ ಲೇಖಕರು ಒಂದು ಸ್ವಾರಸ್ಯದ ಮಾತಾಗಿ ಉಲ್ಲೇಖಿಸಿ ಮುಂದೆ ಸಾಗುವರು. ಅದರಲ್ಲಿ ಅಡಗಿರುವ ಕಾಲಸೂಚನೆಯನ್ನು ಗಮನಿಸಿದವರು ವಿರಳ. ದೇವದಾಸರು ಹುಟ್ಟಿದ್ದು 1900ರಲ್ಲಿ. 1916ರಲ್ಲಿ ಅವರು ಹದಿನಾರು ವರ್ಷದ ಬಾಲಕ. ದಕ್ಷಿಣ ಆಫ್ರಿಕದಲ್ಲಿ ಬೆಳೆದು, ಸ್ವದೇಶಕ್ಕೆ ಬಂದು ಇನ್ನೂ ಹೆಚ್ಚು ಕಾಲವಾಗಿರದವರು. 1917ರ ಕೊನೆಯಲ್ಲಿ ಚಂಪಾರಣ್ಯದ ಹಳ್ಳಿಯ ಶಾಲೆಗಳ ಕೆಲಸದಲ್ಲಿ ತಾಯಿ ಕಸ್ತೂರಬಾ ಅವರೊಡನೆ ಅವರೂ ಇದ್ದರು. ಇಂದೋರಿನ ಹಿಂದೀ ಸಾಹಿತ್ಯ ಸಮ್ಮೇಲನದಲ್ಲಿ ಗಾಂಧೀಜಿ ಅಧ್ಯಕ್ಷರಾಗಿ ದಕ್ಷಿಣದಲ್ಲಿ ಹಿಂದೀ ಪ್ರಚಾರದ ಸಂಕಲ್ಪ ಮಾಡಿದ್ದು 1918ರಲ್ಲಿ. ಆ ಸಂಕಲ್ಪದ ಫಲವಾಗಿ ಮೊದಲ ಪ್ರಚಾರಕರಾಗಿ ದೇವದಾಸರು ಮದರಾಸಿಗೆ ಬಂದದ್ದೂ ಅದೇ ವರ್ಷ. ಹಿಂದಿ ಬಲ್ಲವರು ದುರ್ಲಭವಾಗಿದ್ದ ಆ ನಗರದಲ್ಲಿ ಹಿಂದಿ ಕಲಿಸಲೆಂದೇ ಬಂದ ಹದಿನೆಂಟರ ಯುವಕನನ್ನು ಚಿತ್ರ ತಯಾರಕರೊಬ್ಬರು ಅರಸಿಕೊಂಡು ಹೋಗುವುದು ಸಹಜ. ಅದಕ್ಕೆ ಎರಡು ವರ್ಷ ಹಿಂದೆ ಅದೇ ಹುಡುಗನನ್ನು ಅದೇ ಕೆಲಸಕ್ಕಾಗಿ ಹುಡುಕಿ ತೆಗೆಯುವುದು ಅತ್ಯಂತ ಅಸಹಜ. 1916ನ್ನು ಸಮರ್ಥಿಸುವವರು ಈ ತೊಡಕಿಗೆ ಉತ್ತರ ಹೇಳುವವರೆಗೂ ಆ ವರ್ಷವನ್ನು ಅಂಗೀಕರಿಸುವುದು ಸಾಧ್ಯವಿಲ್ಲ.

ಇದಕ್ಕೆ ಒಂದು ಪ್ರಬಲವಾದ ಆಕ್ಷೇಪವುಂಟು. ಬರಹದ ಫಲಕವು ಅಭಿನಯದ ದೃಶ್ಯದೊಡನೆ ಹುಟ್ಟುವುದಲ್ಲ. ಅದನ್ನು ಬೇರೆಯಾಗಿ ಚಿತ್ರಿಸಿಕೊಂಡು ಪ್ರಿಂಟಿಗೆ ಸೇರಿಸುವರು, ಬೇಡವಾದಾಗ ಕತ್ತರಿಸಿ ತೆಗೆಯುವರು. ಆದುದರಿಂದ ಮದರಾಸಿನ ಎಲ್ಫಿನ್‌ಸ್ಟನ್ ಚಿತ್ರಮಂದಿರದ ಮೊದಲ ಪ್ರದರ್ಶನ ಮುಗಿದ ಮೇಲೆ, ಪರಪ್ರಾಂತಗಳಿಗೆ ಕಳುಹಿಸುವ ಪ್ರಿಂಟಿಗಾಗಿ ಹಿಂದಿ ಫಲಕಗಳನ್ನು ತರುವಾಯ ಬರೆಯಿಸಿರಬಹುದಲ್ಲವೆ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಚಿತ್ರವು ಬರ್ಮಾ, ಸಿಂಹಳ, ಮಲಯ, ಸಿಂಗಾಪುರಗಳವರೆಗೂ ಹೋಗಿ, ಮೂವತ್ತೈದು ಸಾವಿರ ರೂಪಾಯಿಯ ವೆಚ್ಚಕ್ಕೆ ಐವತ್ತು ಸಾವಿರವನ್ನು ತಂದಿತೆಂಬ ಹೇಳಿಕೆ ಈ ಊಹೆಗೆ ಪುಷ್ಟಿ ಕೊಡುವಂತೆಯೂ ಇದೆ. ಆದರೆ ಈ ಆಕ್ಷೇಪದಿಂದ ಸಿದ್ಧವಾಗುವುದಿಷ್ಟೇ: ಹಿಂದಿ ಫಲಕಗಳು ಪ್ರಿಂಟಿನ ಕಾಲವನ್ನು ಹೇಳುವುವು, ನೆಗೆಟಿವಿನ ಕಾಲವನ್ನಲ್ಲ. ನೆಗೆಟಿವು ಕೆಲವು ತಿಂಗಳು ಮುಂಚಿನದಾಗಿರಬಹುದು. ಎರಡು ವರ್ಷ ಮುಂಚಿನದೆನ್ನಲು ಅದರಿಂದ ಯಾವ ಆಧಾರವೂ ಒದಗದು. ಮೊದಲಿಯಾರರ ಮುಂದಿನ ಚಿತ್ರ ‘ದ್ರೌಪದಿ ವಸ್ತ್ರಾಪಹರಣಂ’ 1918ಕ್ಕೆ ಸೇರಿದ್ದೆಂದು ಪಟ್ಟಿಗಳು ಹೇಳುವ ಮಾತು ನಿಜವಾದರೆ (ಪಟ್ಟಿಗಳು ಒಂದನ್ನೊಂದು ನಕಲು ಮಾಡುವುದರಿಂದ ಈ ‘ಆದರೆ’ ಅವಶ್ಯ) ‘ಕೀಚಕವಧಂ’ ಚಿತ್ರೀಕರಣವನ್ನು 1917ರ ಕೊನೆಗೂ ಮೂರು ಭಾಷೆಯ ಪ್ರಿಂಟನ್ನು 1918ಕ್ಕೂ ಇರಿಸುವುದೇ ಯುಕ್ತವೆಂದು ನನ್ನ ಮತ.

ನೆಗೆಟಿವು, ಪ್ರಿಂಟು ಎಂಬ ಈ ಭೇದವು ನಮ್ಮನ್ನು ಬೆಂಗಳೂರಿಗೆ ಕರೆತರುವುದು. ಮದರಾಸಿನ ಲೇಖಕರು ಒಂದು ವಾಕ್ಯದಲ್ಲಿ ಮುಗಿಸಿಬಿಡುವ ಈ ಭಾಗವನ್ನು ಕನ್ನಡಿಗರಾದ ನಾವೂ ಅಷ್ಟೇ ಉದಾಸೀನದಿಂದ ಕಂಡಿರುವುದು ವಿಷಾದಕರ. ಪುರಸವಾಕ್ಕಂ ಬಳಿಯ ಮಿಲ್ಲರ್ಸ್ ರಸ್ತೆಯ ಬಂಗಲೆಯಲ್ಲಿ, ನೆತ್ತಿಯ ಮೇಲೆ ತೆಳುವಾದ ಬಿಳಿಯ ಬಟ್ಟೆಯನ್ನು ಕಟ್ಟಿ, ಅದರಲ್ಲಿ ಸೋಸಿ ಬಂದ ಬಿಸಿಲಿನಲ್ಲಿ ಚಿತ್ರ ತೆಗೆದರು. ತೆಗೆದ ಫಿಲ್ಮನ್ನು ಮಾತ್ರ ಬೆಂಗಳೂರಿನ ಪ್ರಯೋಗಶಾಲೆಯಲ್ಲಿ, ನಾರಾಯಣಸ್ವಾಮಿ ಆಚಾರಿ ಎಂಬ ಸಹಾಯಕರ ಜೊತೆಗೂಡಿ, ವಾರವಾರದ ಕೊನೆಗೆ ತೊಳೆಯುತ್ತಿದ್ದರು. ಕಾರಣ ಹವೆ. ಫಿಲ್ಮಿನ ಮೇಲಿನ ಬೆಳ್ಳಿಯ ಲವಣವನ್ನು ಹಿಡಿದಿಡುವುದು ಜೆಲಟಿನ್ನಿನ ಪದರ. ಅದನ್ನು ತೊಳೆಯುವ ದ್ರಾವಣ ಸುಮಾರು 65 ಡಿಗ್ರಿ ಫ್ಯಾರನ್‌ಹೀಟಿನಲ್ಲಿದ್ದರೆ ಕ್ಷೇಮ. ಮದರಾಸಿನ ಬೇಸಿಗೆಯ ನೀರಿನಲ್ಲಿ ಆ ಪದರ ಊದಿಕೊಂಡು, ಅಂಚಿನಲ್ಲಿ ನಿರಿಗೆಗಟ್ಟಿ, ಕೆಲವೊಮ್ಮೆ ಫಿಲ್ಮಿನಿಂದ ಕಳಚಿಯೇ ಹೋಗುವುದು. ಚಿತ್ರದ ಉದ್ದ ಸುಮಾರು ಆರು ಸಾವಿರ ಅಡಿ, ಚಿತ್ರೀಕರಣ ಸುಮಾರು ಮೂವತ್ತೈದು ದಿನ. ಹಾಗಾದರೆ ವಾರಕ್ಕೆ ಕಡಮೆಯೆಂದರೂ ಸಾವಿರದಿನ್ನೂರು ಅಡಿ ಬೆಂಗಳೂರಿನ ತೊಟ್ಟಿಗಳಿಗೆ ಇಳಿದಿರಬೇಕು. ಕೀಚಕನಾಗಿ ರಾಜು ಮೊದಲಿಯಾರರೂ ದ್ರೌಪದಿಯಾಗಿ ಜೀವರತ್ನಂ ಅವರೂ ಅಭಿನಯಿಸಿದ್ದು ಫಿಲ್ಮಿನ ಮೇಲೆ ನಿಂತಿತೋ ಇಲ್ಲವೋ ಎಂಬುದು ಮೊದಲಿಯಾರರಿಗೆ ತಿಳಿಯುತ್ತಿದ್ದುದು ಮದರಾಸಿನಲ್ಲಲ್ಲ, ಇಲ್ಲಿ.

ಈ ಚಿತ್ರವನ್ನು ಕೇವಲ ಮದರಾಸಿನದೆಂದು ಬರೆಯುವುದು ಆದುದರಿಂದ ಅಪೂರ್ಣ. ಬೆಂಗಳೂರಿನದೆಂದು ಹಕ್ಕು ಸ್ಥಾಪಿಸುವುದೂ ನನ್ನ ಉದ್ದೇಶವಲ್ಲ. ಕಾಲನಿರ್ಣಯಕ್ಕೆ ಬೇಕಾದ ಹೊಸ ಸಾಕ್ಷ್ಯ ಎಲ್ಲಾದರೂ ಉಳಿದಿದ್ದರೆ ಅದು ಪ್ರದರ್ಶನದ ಊರಿನಲ್ಲಿರುವಷ್ಟೇ ಫಿಲ್ಮು ತೊಳೆದ ಊರಿನಲ್ಲಿಯೂ ಇರಬಹುದೆಂಬುದಷ್ಟೇ ನನ್ನ ವಾದ. ಆ ಕಾಲದ ಬೆಂಗಳೂರು ಎರಡು ಆಡಳಿತಗಳಿಗೆ ಹಂಚಿಹೋಗಿತ್ತು: ಪೇಟೆ ಮೈಸೂರು ಸಂಸ್ಥಾನಕ್ಕೆ, ದಂಡು ಬ್ರಿಟಿಷ್ ರೆಸಿಡೆಂಟರ ಅಧೀನಕ್ಕೆ. ಇವೆರಡರ ಪುರಸಭೆಯ ಕಡತಗಳನ್ನೂ 1917 ಮತ್ತು 1918ರ ವರ್ಷಗಳಿಗೆ ಸಂಬಂಧಿಸಿದಂತೆ ಒಟ್ಟಿಗೆ ಶೋಧಿಸುವುದು ಇನ್ನು ಆಗಬೇಕಾದ ಮೊದಲ ಕೆಲಸ.